ಎಳೆದಂತೆಲ್ಲ ಬದಲಾಗುವ ಲೋಹ: ಕರ್ಷಣ ಪರೀಕ್ಷೆಯನ್ನು ನಿಲ್ಲಿಸಿ ನಿಲ್ಲಿಸಿ ಓದುವ ಬಗೆ

ಮೆದು ಉಕ್ಕಿನ ಯೀಲ್ಡ್ ಬಲ, ಅಂದರೆ ಅದು ಶಾಶ್ವತವಾಗಿ ಹಿಗ್ಗತೊಡಗುವ ಮಟ್ಟ, ಎಷ್ಟು ಎಂದು ಕೇಳಿದರೆ ವಿದ್ಯಾರ್ಥಿಗಳು ಥಟ್ಟನೆ 250 ಮೆಗಾಪಾಸ್ಕಲ್ ಎನ್ನುತ್ತಾರೆ. ನಾನು ಮರುಪ್ರಶ್ನೆ ಹಾಕುತ್ತೇನೆ: ಎಷ್ಟು ಎಳೆದ ಮೇಲೆ? ಕೋಷ್ಟಕದಲ್ಲಿರುವ ಆ ಅಂಕಿ ಇನ್ನೂ ಯಾರೂ ಎಳೆಯದ, ಬಗ್ಗಿಸದ, ತಿರುಚದ ಉಕ್ಕಿನದು. ಶೇಕಡಾ 10ರಷ್ಟು ಎಳೆದು ಬಿಟ್ಟರೆ ಅದೇ ಸರಳು ಬೇರೆ ಬಲದ, ಬೇರೆ ತಾಳಿಕೆಯ ವಸ್ತುವಾಗಿರುತ್ತದೆ. ಕರ್ಷಣ ಪರೀಕ್ಷೆ, ಅಂದರೆ ವಸ್ತುವಿನ ಮಾದರಿ ತುಂಡನ್ನು ಯಂತ್ರದಲ್ಲಿ ಎಳೆದು ಅದರ ಬಲ ಅಳೆಯುವ ಪರೀಕ್ಷೆ, ನಡೆಸುವುದನ್ನು ಕಲಿಸುವುದು ನನ್ನ ಕೆಲಸ. ಅದರಲ್ಲಿ ನಾನು ಬಿಡದೆ ಹಿಡಿದಿರುವ ಹಟ ಒಂದೇ: ಮಾದರಿಯನ್ನು ಒಂದೇ ಉಸಿರಿಗೆ ಎಳೆದು ಮುರಿಯಬಾರದು. ನಡುನಡುವೆ ನಿಲ್ಲಿಸಬೇಕು, ಭಾರ ಇಳಿಸಬೇಕು, ಮತ್ತೆ ಏರಿಸಬೇಕು. ಎಳೆತ ಹೆಚ್ಚಿದಂತೆ ವಸ್ತುವಿನ ಯಾವ ಗುಣ ಉಳಿಯಿತು, ಯಾವುದು ಬದಲಾಯಿತು ಎಂಬುದು ಆ ಇಳಿತ ಏರಿತಗಳಲ್ಲಿಯೇ ಕಾಣುತ್ತದೆ.

ಎರಡು ಮಾತು ಮೊದಲೇ ತಿಳಿದಿರಲಿ. ಎಳೆಯುವ ಬಲವನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ಸ್ಟ್ರೆಸ್; ಒಂದು ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಎಂದರೆ ಒಂದು ಮೆಗಾಪಾಸ್ಕಲ್. ಉದ್ದದಲ್ಲಾದ ಹೆಚ್ಚಳವನ್ನು ಮೂಲ ಉದ್ದದಿಂದ ಭಾಗಿಸಿದರೆ ಸ್ಟ್ರೇನ್.

ಯಂತ್ರಕ್ಕೆ ಮೊದಲು ಕೈ

ಯಂತ್ರದ ಬಳಿ ಹೋಗುವ ಮುನ್ನ ಎರಡು ಮಿಲಿಮೀಟರ್ ದಪ್ಪದ ತಾಮ್ರದ ತಂತಿಯೊಂದನ್ನು ಕೈಗೆತ್ತಿಕೊಳ್ಳಿ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಸುಲಿದು ತೆಗೆಯಿರಿ. ಅದನ್ನು ಸುಡುವುದು ಬೇಡ, ಹೊಗೆ ವಿಷ. ತಂತಿಯನ್ನು ಮಂದ ಕೆಂಪಾಗುವ ತನಕ ಕಾಯಿಸಿ ತಣಿಸಿ. ನೀರಿಗೆ ಹಾಕಿದರೂ ಸರಿಯೇ, ತಾಮ್ರ ಉಕ್ಕಿನಂತೆ ನೀರಿನಲ್ಲಿ ಗಡುಸಾಗುವುದಿಲ್ಲ. ಈಗ ಬಗ್ಗಿಸಿ ನೋಡಿ, ಬೆರಳು ಹೇಳಿದಂತೆ ಕೇಳುತ್ತದೆ. ಬಳಿಕ ಅದೇ ಬಾಗನ್ನು ನೇರ ಮಾಡಲು ಯತ್ನಿಸಿ. ಬಾಗಿದ ಜಾಗ ಹಾಗೆಯೇ ಉಳಿದು ಅದರ ಅಕ್ಕಪಕ್ಕದ ತಂತಿ ಬಾಗತೊಡಗುತ್ತದೆ. ಬಾಗಿದ ಭಾಗಕ್ಕೆ ಸ್ಟ್ರೇನ್ ತಗುಲಿ ಅದು ಗಟ್ಟಿಯಾಗಿದೆ, ಪಕ್ಕದ್ದು ಇನ್ನೂ ಮೆದುವಾಗಿದೆ. ಬೇರೆ ಯಾವ ಪ್ರಯೋಗವೂ ಇಷ್ಟು ಅಗ್ಗದಲ್ಲಿ ಇಷ್ಟು ಸ್ಪಷ್ಟವಾಗಿ ಈ ವಿಷಯವನ್ನು ಹೇಳಲಾರದು. ಮತ್ತೆ ಮತ್ತೆ ಬಗ್ಗಿಸುತ್ತಾ ಹೋದರೆ ತಂತಿ ಗಡುಸಾಗಿ ಕೊನೆಗೆ ಮುರಿಯುತ್ತದೆ. ಮುರಿಯುವ ಮೊದಲೇ ಮತ್ತೆ ಕೆಂಪಗೆ ಕಾಯಿಸಿದರೆ ಮೆದುತನ ಮರಳುತ್ತದೆ.

ರಬ್ಬರ್ ಬ್ಯಾಂಡನ್ನು ತಟ್ಟನೆ ಎಳೆದು ತುಟಿಗೆ ತಾಗಿಸಿ. ಬೆಚ್ಚಗಿರುತ್ತದೆ. ಎಳೆದ ಹಾಗೆಯೇ ತುಸು ಹೊತ್ತು ಹಿಡಿದು, ಸಡಿಲಿಸಿ ತಾಗಿಸಿದರೆ ತಂಪು. ಮೊದಲು ಸಲೀಸಾಗಿ ಹಿಗ್ಗುವ ರಬ್ಬರ್ ಕೊನೆಯಲ್ಲಿ ಬಿಗಿಯಾಗಿ ಎದುರು ನಿಲ್ಲುತ್ತದೆ, ಏಕೆಂದರೆ ಸುರುಳಿಗಟ್ಟಿದ ಅದರ ಸರಪಣಿ ಅಣುಗಳು ಅಷ್ಟರಲ್ಲಿ ನೆಟ್ಟಗಾಗಿರುತ್ತವೆ. ನೈಸರ್ಗಿಕ ರಬ್ಬರಿನಲ್ಲಂತೂ ಹೆಚ್ಚು ಎಳೆದಾಗ ಅಣುಗಳು ಸಾಲುಗೂಡಿ ಹರಳುಗಟ್ಟುತ್ತವೆ. ಪಾಲಿಥೀನ್ ಪಟ್ಟಿಯನ್ನು ನಿಧಾನವಾಗಿ ಎಳೆದರೆ ಒಂದೆಡೆ ಸಣಕಲಾಗಿ ಕುತ್ತಿಗೆ ಮೂಡುತ್ತದೆ. ಲೋಹವಾಗಿದ್ದರೆ ಅಲ್ಲಿಯೇ ಮುರಿಯುತ್ತಿತ್ತು. ಪಾಲಿಥೀನಿನಲ್ಲಿ ಕುತ್ತಿಗೆ ಪಟ್ಟಿಯುದ್ದಕ್ಕೂ ಹಬ್ಬುತ್ತದೆ. ಎಳೆದ ಭಾಗ ಉದ್ದದ ದಿಕ್ಕಿನಲ್ಲಿ ಬಹಳ ಬಲವಾಗಿ, ಉಗುರು ತಾಗಿಸಿದರೆ ಉದ್ದುದ್ದಕ್ಕೆ ಸೀಳುವಂತಾಗುತ್ತದೆ.

ಮಾದರಿಯ ಸಿದ್ಧತೆ

ಇನ್ನು ಉಕ್ಕು. ಹತ್ತು ಮಿಲಿಮೀಟರ್ ವ್ಯಾಸದ ದುಂಡನೆಯ ಮಾದರಿ, 50 ಮಿಲಿಮೀಟರ್ ಗೇಜ್ ಉದ್ದ (ಹಿಗ್ಗನ್ನು ಅಳೆಯಲು ಗುರುತಿಸಿದ ಭಾಗದ ಉದ್ದ) ಎಂದಿಟ್ಟುಕೊಳ್ಳೋಣ. ವಿಸ್ತೀರ್ಣ 78.5 ಚದರ ಮಿಲಿಮೀಟರ್. ಎಳೆಯುವ ಮೊದಲು ಗೇಜ್ ಉದ್ದದ ಮೇಲೆ ಐದೈದು ಮಿಲಿಮೀಟರಿಗೆ ಒಂದರಂತೆ ತೆಳುವಾದ ಗುರುತು ಹಾಕಿ. ಶಾಯಿಯಿಂದ ಹಾಕಿದರೆ ಒಳ್ಳೆಯದು. ಆಳವಾಗಿ ಕೆರೆದರೆ ಮಾದರಿ ಆ ಗೆರೆಯಲ್ಲಿಯೇ ಮುರಿಯಬಹುದು. ಈ ಗುರುತುಗಳಿಗೆ ಕೊನೆಯಲ್ಲಿ ಕೆಲಸವಿದೆ.

ಹಿಗ್ಗನ್ನು ಅಳೆಯುವ ಸಾಧನವಾದ ಎಕ್ಸ್‌ಟೆನ್ಸೋಮೀಟರನ್ನು ಮಾದರಿಗೇ ಕಚ್ಚಿಸಿ. ಯಂತ್ರದ ಕ್ರಾಸ್‌ಹೆಡ್ (ಹಿಡಿಕೆಯನ್ನು ಹೊತ್ತು ಸರಿಯುವ ಅಡ್ಡತೊಲೆ) ಎಷ್ಟು ಸರಿಯಿತು ಎಂಬುದನ್ನು ಸ್ಟ್ರೇನ್ ಎಂದು ಬರೆಯುವುದನ್ನು ನಾನು ಒಪ್ಪುವುದೇ ಇಲ್ಲ. ಉಕ್ಕಿನ ಯಂಗ್ ಗುಣಾಂಕ, ಅಂದರೆ ಯೀಲ್ಡ್‌ಗೆ ಮೊದಲು ಸ್ಟ್ರೆಸ್‌ಗೂ ಸ್ಟ್ರೇನ್‌ಗೂ ಇರುವ ಅನುಪಾತ, ಸುಮಾರು 200 ಗಿಗಾಪಾಸ್ಕಲ್. 250 ಮೆಗಾಪಾಸ್ಕಲ್ ತಲುಪುವಾಗ ನಮ್ಮ ಗೇಜ್ ಉದ್ದ ಹಿಗ್ಗುವುದು ಕೇವಲ 0.0625 ಮಿಲಿಮೀಟರ್. ಹಿಡಿಕೆ ಜಾರುವುದು, ಯಂತ್ರದ ಕಂಬಗಳು ತಾವೇ ಹಿಗ್ಗುವುದು, ಇವೆಲ್ಲ ಅದಕ್ಕಿಂತ ಎಷ್ಟೋ ಪಾಲು ದೊಡ್ಡವು. ಅವುಗಳ ನಡುವೆ ಉಕ್ಕಿನ ಹಿಗ್ಗು ಮುಳುಗಿಹೋಗುತ್ತದೆ.

ಯೀಲ್ಡ್ ದಾಟುವ ತನಕ ನಿಧಾನವಾಗಿ ಹೋಗಿ. ಐಎಸ್‌ಒ 6892-1 ಮಾನಕ ಸೂಚಿಸುವ ವೇಗಗಳಲ್ಲಿ ಒಂದು ಸೆಕೆಂಡಿಗೆ 0.00025 ಸ್ಟ್ರೇನ್. ಅವಸರದಲ್ಲಿ ಎಳೆದರೆ ಮೆದು ಉಕ್ಕು ತನ್ನ ನಿಜವಾದ ಯೀಲ್ಡ್‌ಗಿಂತ ಹೆಚ್ಚಿನ ಅಂಕಿ ತೋರಿಸುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ ಯಾರೂ ಹತ್ತಿರ ನಿಲ್ಲಬಾರದು.

ಯೀಲ್ಡ್ ದಾಟುವಾಗ

ಯಂತ್ರ ಬಲ ಮತ್ತು ಹಿಗ್ಗಿನ ನಕ್ಷೆಯನ್ನು ಗೆರೆಯಾಗಿ ಬರೆಯುತ್ತದೆ. ಅದರ ಮೊದಲ ನೇರ ಭಾಗದಲ್ಲಿ ಒಮ್ಮೆ ಭಾರ ಇಳಿಸಿ. ಬಂದ ದಾರಿಯಲ್ಲಿಯೇ ಗೆರೆ ಸೊನ್ನೆಗೆ ಮರಳಬೇಕು. ಮರಳದಿದ್ದರೆ ಎಕ್ಸ್‌ಟೆನ್ಸೋಮೀಟರ್ ಜಾರುತ್ತಿದೆ. ಸರಿಪಡಿಸಿ ಮುಂದೆ ಹೋಗಿ.

ಸುಮಾರು 19.6 ಕಿಲೋನ್ಯೂಟನ್ ಹತ್ತಿರ ಮೆದು ಉಕ್ಕು ಯೀಲ್ಡ್ ಆಗುತ್ತದೆ. ಗೆರೆ ಒಂದು ತುದಿಗೆ ಏರಿ, ತಟಕ್ಕನೆ ಕೆಳಗಿಳಿದು, ಸಮತಟ್ಟಾಗಿ ತುಸು ದೂರ ನಡೆಯುತ್ತದೆ. ಇಂಗಾಲ ಮತ್ತು ಸಾರಜನಕದ ಪರಮಾಣುಗಳು ಹರಳಿನೊಳಗಿನ ಡಿಸ್‌ಲೊಕೇಶನ್‌ಗಳ (ಪರಮಾಣುಗಳ ಜೋಡಣೆ ತಪ್ಪಿದ ಗೆರೆಯಂಥ ದೋಷಗಳ) ಸುತ್ತ ನೆರೆದು ಅವನ್ನು ಹಿಡಿದಿಟ್ಟಿರುತ್ತವೆ. ಆ ಹಿಡಿತ ತಪ್ಪಿದ ಕ್ಷಣವೇ ಈ ಇಳಿತ. ಮಾದರಿ ಚಪ್ಪಟೆಯಾಗಿದ್ದು ಮೇಲ್ಮೈ ಹೊಳಪಾಗಿದ್ದರೆ ಈ ಹಂತವನ್ನು ಕಣ್ಣಾರೆ ನೋಡಬಹುದು. ಓರೆಯಾದ ಪಟ್ಟೆಗಳು ಒಂದು ತುದಿಯಿಂದ ಹೊರಟು ಮಾದರಿಯುದ್ದಕ್ಕೂ ಸಾಗುತ್ತವೆ. ಅವುಗಳಿಗೆ ಲ್ಯೂಡರ್ಸ್ ಪಟ್ಟೆಗಳೆಂದು ಹೆಸರು. ಪಟ್ಟೆ ಹಾದುಹೋದ ಭಾಗ ಶೇಕಡಾ ಒಂದೆರಡು ಹಿಗ್ಗಿರುತ್ತದೆ, ಹಾಯದ ಭಾಗ ಇನ್ನೂ ಸ್ಥಿತಿಸ್ಥಾಪಕವಾಗಿಯೇ ಇರುತ್ತದೆ. ಹಾಗಾಗಿ ಈ ಹಂತದಲ್ಲಿ ಯಂತ್ರ ತೋರಿಸುವ ಸ್ಟ್ರೇನ್ ಮಾದರಿಯ ಯಾವ ಭಾಗಕ್ಕೂ ಸರಿಯಾಗಿ ಹೊಂದುವುದಿಲ್ಲ. ಅಲ್ಯೂಮಿನಿಯಮ್, ತಾಮ್ರಗಳಲ್ಲಿ ಇಂಥ ಸ್ಪಷ್ಟ ಗಡಿಯಿಲ್ಲ. ಗೆರೆ ಮೆಲ್ಲನೆ ಬಾಗುತ್ತದೆ. ಅಲ್ಲಿ ಶೇಕಡಾ 0.2 ಸ್ಟ್ರೇನಿನಿಂದ ಮೊದಲ ಗೆರೆಗೆ ಸಮಾನಾಂತರವಾಗಿ ಎಳೆದ ಗೆರೆ ಎಲ್ಲಿ ಕೂಡುವುದೋ ಅದನ್ನೇ ಗಡಿಯೆಂದು ಒಪ್ಪಿಕೊಳ್ಳಬೇಕು.

ಹತ್ತು ಶೇಕಡಾದಲ್ಲಿ ನಿಲ್ಲಿಸಿ

ಇಲ್ಲಿ ತಾಳ್ಮೆ ಬೇಕು. ಸ್ಟ್ರೇನ್ 0.10 ಆದಾಗ ಯಂತ್ರ ನಿಲ್ಲಿಸಿ. ನಮ್ಮ ಉದಾಹರಣೆಯಲ್ಲಿ ಬಲ 30.2 ಕಿಲೋನ್ಯೂಟನ್ ಎನ್ನೋಣ. ಮೂಲ ವಿಸ್ತೀರ್ಣದ ಲೆಕ್ಕದಲ್ಲಿ ಸ್ಟ್ರೆಸ್ 385 ಮೆಗಾಪಾಸ್ಕಲ್. ಈಗ ಭಾರ ಇಳಿಸಿ. ಗೆರೆ ಬಂದ ದಾರಿಯಲ್ಲಿ ಹಿಂದಿರುಗದೆ ಮೊದಲ ನೇರ ಗೆರೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಇಳಿಯುತ್ತದೆ. ಐದು ಮಿಲಿಮೀಟರ್ ಹಿಗ್ಗಿದ ಮಾದರಿ ಮರಳಿ ಕುಗ್ಗುವುದು 0.12 ಮಿಲಿಮೀಟರ್ ಮಾತ್ರ. ಉಳಿದದ್ದೆಲ್ಲ ಶಾಶ್ವತ.

ಮೈಕ್ರೋಮೀಟರಿನಿಂದ ವ್ಯಾಸ ಅಳೆಯಿರಿ. ಪ್ಲಾಸ್ಟಿಕ್ ವಿರೂಪದಲ್ಲಿ, ಅಂದರೆ ಶಾಶ್ವತವಾಗಿ ಆಕಾರ ಬದಲಾಗುವಾಗ, ಲೋಹದ ಘನಗಾತ್ರ ಬದಲಾಗದು, ಉದ್ದ 1.1 ಪಾಲು ಆದರೆ ವಿಸ್ತೀರ್ಣ 1.1ರಿಂದ ಭಾಗವಾಗಿ 71.4 ಚದರ ಮಿಲಿಮೀಟರ್ ಆಗಿರಬೇಕು. ಈ ಮಾದರಿಯನ್ನು ಹೊಸ ವಸ್ತುವೆಂದೇ ಭಾವಿಸಿ ಮತ್ತೆ ಎಳೆಯಿರಿ. ಬಹುಮಟ್ಟಿಗೆ ಬಿಟ್ಟಲ್ಲಿಯೇ, ಅಂದರೆ 30.2 ಕಿಲೋನ್ಯೂಟನ್ನಿಗೆ, ಅದು ಯೀಲ್ಡ್ ಆಗುತ್ತದೆ. ಹೊಸ ವಿಸ್ತೀರ್ಣದ ಲೆಕ್ಕದಲ್ಲಿ ಅದು ಸುಮಾರು 424 ಮೆಗಾಪಾಸ್ಕಲ್. ಮೂಲ ಉಕ್ಕಿನ ಗರಿಷ್ಠ ಬಲ 400 ಮೆಗಾಪಾಸ್ಕಲ್ ಆಗಿದ್ದರೆ ಹೊಸ ಲೆಕ್ಕದಲ್ಲಿ ಅದು 440. ಕುತ್ತಿಗೆ ಮೂಡುವ ಮುನ್ನ ಶೇಕಡಾ 20 ಹಿಗ್ಗಬಲ್ಲದಾಗಿದ್ದ ವಸ್ತುವಿಗೆ ಇನ್ನುಳಿದಿರುವುದು ಶೇಕಡಾ 9 ಮಾತ್ರ.

ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಯೀಲ್ಡ್ 250ರಿಂದ 424ಕ್ಕೆ ಜಿಗಿಯಿತು. ಆದರೆ ಯೀಲ್ಡ್‌ಗೂ ಗರಿಷ್ಠ ಬಲಕ್ಕೂ ನಡುವೆ ಮೊದಲು 150 ಮೆಗಾಪಾಸ್ಕಲ್ ಅಂತರವಿದ್ದದ್ದು ಈಗ 16ಕ್ಕೆ ಇಳಿಯಿತು. ಮೊದಲನೆಯದನ್ನಷ್ಟೇ ನೋಡಿದವರು ವಸ್ತು ಸುಧಾರಿಸಿತು ಎನ್ನುತ್ತಾರೆ. ರಚನೆಯೊಂದು ಮುರಿಯುವ ಮುನ್ನ ಬಾಗಿ ಎಚ್ಚರಿಕೆ ಕೊಡಬೇಕಾದ ಕಡೆ ನನಗೆ ಎರಡನೆಯದೇ ಮುಖ್ಯ.

ಹೀಗಾಗುವುದಕ್ಕೆ ಕಾರಣ ಮತ್ತೆ ಡಿಸ್‌ಲೊಕೇಶನ್‌ಗಳೇ. ಹರಳಿನ ಪದರಗಳು ಒಂದರ ಮೇಲೊಂದು ಜಾರುವುದು ಈ ಗೆರೆಯಂಥ ದೋಷಗಳು ಚಲಿಸುವುದರಿಂದ ಎಂದು 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಮೂವರೂ ಬೇರೆಬೇರೆಯಾಗಿ ತೋರಿಸಿದರು. ಎಳೆದಂತೆ ಇವು ಹುಟ್ಟುತ್ತಲೇ ಹೋಗುತ್ತವೆ, ಗೋಜಲಾದ ನೂಲಿನಂತೆ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಕಾಯಿಸಿ ಮೆದುಗೊಳಿಸಿದ ಲೋಹದ ಒಂದು ಘನ ಮಿಲಿಮೀಟರಿನಲ್ಲಿ ಈ ಗೆರೆಗಳ ಒಟ್ಟು ಉದ್ದ ಒಂದು ಕಿಲೋಮೀಟರ್ ಇದ್ದರೆ, ತಣ್ಣಗಿರುವಾಗಲೇ ಜೋರಾಗಿ ಎಳೆದ ಲೋಹದಲ್ಲಿ ಅದು ಸಾವಿರ ಕಿಲೋಮೀಟರ್ ಮೀರಬಹುದು. ಒಂದು ಸಾಸಿವೆಗಿಂತ ಚಿಕ್ಕ ಜಾಗದಲ್ಲಿ! ಈ ಸಾಂದ್ರತೆಯ ವರ್ಗಮೂಲಕ್ಕೆ ಅನುಗುಣವಾಗಿ ಲೋಹದ ಬಲ ಏರುತ್ತದೆ.

ಇಳಿತದ ಗೆರೆಯ ಓರೆಯನ್ನೂ ಅಳೆಯಿರಿ. ಯಂಗ್ ಗುಣಾಂಕ ಬದಲಾಗುವುದೇ ಇಲ್ಲವೆಂಬುದು ಪಾಠದ ಮಾತು. ಸೂಕ್ಷ್ಮವಾಗಿ ಅಳೆದರೆ ಉಕ್ಕಿನ ತಗಡುಗಳಲ್ಲಿ ಅದು ಶೇಕಡಾ 10ರ ಆಸುಪಾಸು ತಗ್ಗಿದಂತೆ ಕಾಣುವುದುಂಟು. ತಗಡನ್ನು ಅಚ್ಚಿನಲ್ಲಿ ಒತ್ತಿ ಆಕಾರ ಕೊಡುವವರಿಗೆ ಇದು ಸಣ್ಣ ಸಂಗತಿಯಲ್ಲ: ಅಚ್ಚಿನಿಂದ ತೆಗೆದಾಗ ತಗಡು ಎಷ್ಟು ಹಿಂದಕ್ಕೆ ಚಿಮ್ಮುವುದೆಂಬುದು ಈ ಓರೆಯನ್ನೇ ಅವಲಂಬಿಸಿದೆ.

ಇದೇ ಹಂತದಲ್ಲಿ ಇನ್ನೊಂದು ಪ್ರಯೋಗ. ಶೇಕಡಾ 10 ಎಳೆದ ಎರಡು ಮಾದರಿಗಳಿರಲಿ. ಒಂದನ್ನು ಕೂಡಲೇ ಮತ್ತೆ ಎಳೆಯಿರಿ; ಯೀಲ್ಡ್ ತುದಿ ಇಲ್ಲದೆ ಗೆರೆ ನುಣುಪಾಗಿ ಬಾಗುತ್ತದೆ. ಇನ್ನೊಂದನ್ನು 170 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಅರ್ಧ ಗಂಟೆ ಇಟ್ಟು, ತಣಿದ ಮೇಲೆ ಎಳೆಯಿರಿ. ಕಳೆದುಹೋಗಿದ್ದ ತುದಿ ಮರಳುತ್ತದೆ, ಮೊದಲಿಗಿಂತ ಎತ್ತರದಲ್ಲಿ. ಇಂಗಾಲ, ಸಾರಜನಕ ಮತ್ತೆ ಡಿಸ್‌ಲೊಕೇಶನ್‌ಗಳನ್ನು ಹುಡುಕಿಕೊಂಡು ಬಂದು ಕುಳಿತಿರುತ್ತವೆ. ಕಾರಿನ ಹೊರಮೈಗೆ ಬಳಸುವ ಕೆಲವು ಉಕ್ಕುಗಳು ಬಣ್ಣ ಒಣಗಿಸುವ ಒಲೆಯಲ್ಲಿ ಗಟ್ಟಿಯಾಗುವುದು ಇದೇ ಉಪಾಯದಿಂದ.

ಎಳೆದ ಮಾದರಿಯನ್ನು ತಿರುಗಿ ಒತ್ತುವ ಅನುಕೂಲವಿದ್ದರೆ ಅದನ್ನೂ ಮಾಡಿ. ಎಳೆತಕ್ಕೆ ಗಟ್ಟಿಯಾದ ಲೋಹ ಒತ್ತಿದಾಗ ಬೇಗನೆ ಯೀಲ್ಡ್ ಆಗುತ್ತದೆ. 19ನೆಯ ಶತಮಾನದಲ್ಲಿ ಯೋಹಾನ್ ಬೌಶಿಂಗರ್ ಗುರುತಿಸಿದ ಪರಿಣಾಮವಿದು. ಗಳಿಸಿದ ಬಲಕ್ಕೂ ದಿಕ್ಕಿದೆ.

ಭಾರ ಇಳಿಯತೊಡಗಿದಾಗ

ಮುಂದಕ್ಕೆ ಎಳೆದಾಗ ಭಾರದ ಗೆರೆ ಗರಿಷ್ಠ ಮುಟ್ಟಿ ಬಾಗುತ್ತದೆ. ಲೋಹ ದುರ್ಬಲವಾಯಿತು ಎಂದು ಇಲ್ಲಿ ಬಹಳ ಮಂದಿ ಬರೆಯುತ್ತಾರೆ. ಅದು ತಪ್ಪು. ಶೇಕಡಾ 20 ಹಿಗ್ಗಿದಾಗ ಮೂಲ ವಿಸ್ತೀರ್ಣದ ಲೆಕ್ಕದ 400 ಮೆಗಾಪಾಸ್ಕಲ್ ನಿಜವಾದ ವಿಸ್ತೀರ್ಣದ ಮೇಲೆ 480 ಆಗಿರುತ್ತದೆ, ಮತ್ತು ಆ ನಿಜ ಸ್ಟ್ರೆಸ್ ಏರುತ್ತಲೇ ಇರುತ್ತದೆ. ಲೋಹ ಗಟ್ಟಿಯಾಗುವ ವೇಗಕ್ಕಿಂತ ಅದು ಸಣಕಲಾಗುವ ವೇಗ ಮುಂದಾಯಿತು, ಅಷ್ಟೇ. ನಿಜ ಸ್ಟ್ರೆಸ್ ಏರುವ ದರ ನಿಜ ಸ್ಟ್ರೆಸ್‌ಗೇ ಸಮವಾದಾಗ ಕುತ್ತಿಗೆ ಮೂಡುತ್ತದೆ ಎಂಬ ಈ ನಿಯಮವನ್ನು ಫ್ರೆಂಚ್ ಎಂಜಿನಿಯರ್ ಕಾನ್ಸಿಡೇರ್ 1885ರಲ್ಲಿ ಕೊಟ್ಟರು. ನಿಜ ಸ್ಟ್ರೆಸ್ ಮತ್ತು ನಿಜ ಸ್ಟ್ರೇನ್‌ಗಳ (ಆಯಾ ಕ್ಷಣದ ಉದ್ದದ ಲೆಕ್ಕದಲ್ಲಿ ಕೂಡಿಸುತ್ತಾ ಹೋದ ಸ್ಟ್ರೇನ್) ಲಾಗರಿದಮ್ ಹಾಕಿ ಗೆರೆ ಎಳೆದು ಅದರ ಓರೆಯನ್ನು ಅಳೆಯಿರಿ. ಅದೇ ಗಡುಸುಗೊಳ್ಳುವ ಘಾತಾಂಕ. ಮೆದು ಉಕ್ಕಿಗೆ ಅದು 0.2ರ ಹತ್ತಿರ, ಮೆದುಗೊಳಿಸಿದ ತಾಮ್ರಕ್ಕೆ 0.5ರ ಹತ್ತಿರ. ಕುತ್ತಿಗೆ ಮೂಡುವ ಮುನ್ನ ತಾಮ್ರ ಅಷ್ಟು ದೂರ ಏಕರೂಪವಾಗಿ ಹಿಗ್ಗುವುದು ಇದರಿಂದಲೇ.

ಕುತ್ತಿಗೆ ಕಂಡ ಕೂಡಲೇ ಎಕ್ಸ್‌ಟೆನ್ಸೋಮೀಟರ್ ಬಿಚ್ಚಿ, ಮುರಿತದ ಹೊಡೆತಕ್ಕೆ ಅದು ಹಾಳಾಗಬಾರದು. ಇನ್ನು ಮುಂದೆ ಸರಾಸರಿ ಸ್ಟ್ರೇನಿಗೆ ಅರ್ಥವಿಲ್ಲ. ಕುತ್ತಿಗೆಯ ಒಳಗೆ ಲೋಹ ಮೂರೂ ದಿಕ್ಕುಗಳಿಂದ ಎಳೆತಕ್ಕೆ ಸಿಕ್ಕಿ, ಕಲ್ಮಶ ಕಣಗಳ ಸುತ್ತ ಸಣ್ಣ ತೂತುಗಳು ತೆರೆದು, ನಡುವಿನಿಂದ ಹೊರಕ್ಕೆ ಬಿರುಕು ಹರಡುತ್ತದೆ. ಕೊನೆಯಲ್ಲಿ ಅಂಚು ಓರೆಯಾಗಿ ಹರಿದು, ಒಂದು ತುಂಡು ಬಟ್ಟಲಿನಂತೆಯೂ ಇನ್ನೊಂದು ಅದರಲ್ಲಿ ಕೂರುವ ಶಂಕುವಿನಂತೆಯೂ ಉಳಿಯುತ್ತದೆ. ಎರಕದ ಕಬ್ಬಿಣದಲ್ಲಿ ಇದಾವುದೂ ಇಲ್ಲ. ಹಿಗ್ಗುವ ಸೂಚನೆಯೇ ಕೊಡದೆ ಅಡ್ಡಕ್ಕೆ ಮುರಿಯುತ್ತದೆ.

ಮುರಿದ ಮೇಲ್ಮೈಗಳನ್ನು ಮುಟ್ಟದೆ ಮೊದಲು ಚಿತ್ರ ತೆಗೆಯಿರಿ. ಆಮೇಲೆ ತುಂಡುಗಳನ್ನು ಮೆಲ್ಲನೆ ಜೋಡಿಸಿ, ಮೊದಲು ಹಾಕಿದ ಗುರುತುಗಳ ನಡುವಣ ಅಂತರಗಳನ್ನು ಒಂದೊಂದಾಗಿ ಅಳೆಯಿರಿ. ಕುತ್ತಿಗೆಯಿಂದ ದೂರದ ಐದು ಮಿಲಿಮೀಟರುಗಳು ಸುಮಾರು ಆರಾಗಿರುತ್ತವೆ. ಕುತ್ತಿಗೆಯವು ಅದಕ್ಕಿಂತ ಬಹಳ ಹೆಚ್ಚು ಹಿಗ್ಗಿರುತ್ತವೆ. ಗೇಜ್ ಉದ್ದ ಚಿಕ್ಕದಾದಷ್ಟೂ ಒಟ್ಟು ಹಿಗ್ಗಿನ ಶೇಕಡಾವಾರು ದೊಡ್ಡದಾಗುವುದು ಇದರಿಂದ. ದುಂಡು ಮಾದರಿಗೆ ಅಮೆರಿಕದ ಎಎಸ್‌ಟಿಎಂ ಇ8 ಮಾನಕ ವ್ಯಾಸದ ನಾಲ್ಕು ಪಾಲು ಉದ್ದ ಹಿಡಿಯುತ್ತದೆ, ಐಎಸ್‌ಒ ಐದು ಪಾಲು. ಎರಡರ ಅಂಕಿಗಳನ್ನು ಹೋಲಿಸುವಂತಿಲ್ಲ. ಆದ್ದರಿಂದ ವರದಿಯಲ್ಲಿ ಹಿಗ್ಗಿನ ಪಕ್ಕದಲ್ಲಿಯೇ ಗೇಜ್ ಉದ್ದವನ್ನು, ಎಳೆದ ವೇಗವನ್ನು, ಉಷ್ಣತೆಯನ್ನು ಬರೆಯಿರಿ. ಪ್ರತಿ ಬಾರಿ ಭಾರ ಇಳಿಸಿದಾಗಿನ ಸ್ಟ್ರೇನ್, ಆಗ ಅಳೆದ ವ್ಯಾಸ, ಮತ್ತೆ ಏರಿಸಿದಾಗ ಬಂದ ಯೀಲ್ಡ್, ಇವಕ್ಕೆ ಒಂದೊಂದು ಸಾಲು ಮೀಸಲಿಡಿ. ಮಾದರಿ ನಿಮ್ಮ ಕೈಗೆ ಬರುವ ಮೊದಲು ಅದನ್ನು ಉರುಳೆಯಲ್ಲಿ ಒತ್ತಿದ್ದರೋ, ಎಳೆದಿದ್ದರೋ, ಕಾಯಿಸಿದ್ದರೋ ಎಂಬುದು ತಿಳಿದಿದ್ದರೆ ಅದನ್ನು ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಬರೆಯಿರಿ.