ಮಿತಿಯನ್ನು ಮೊದಲೇ ಬರೆದಿಟ್ಟ ಮೇಲೆ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಮನೆಯಲ್ಲಿ ವರ್ಷದ ಹಣವೆಲ್ಲ ಕೊನೆಕೊಯ್ಲು, ಅಂದರೆ ಅಡಿಕೆಗೊನೆಗಳ ಕೊಯ್ಲು, ಮುಗಿದು ಬಿಸಿಲಿಗೆ ಹಾಕಿದ ಹಣ್ಣಡಿಕೆಯಾದ ಚಾಲಿ ಒಣಗಿದ ಮೇಲೆ ಒಟ್ಟಿಗೆ ಕೈಸೇರುತ್ತದೆ. ದರ ಏರಿದ ಒಂದು ವರ್ಷ ನಾನು ಸಾಲ ತೆಗೆದು ಮನೆಗೆ ಮಹಡಿ ಕಟ್ಟಿಸಿದೆ. ಮರುವರ್ಷದ ಮಳೆಗಾಲದಲ್ಲಿ ಕೊಳೆರೋಗ ಬಂದು ಅರ್ಧ ಫಸಲು ಉದುರಿತು. ಯಾರೂ ಮಲಗದ ಆ ಕೋಣೆಗಳಿಗಾಗಿ 6 ವರ್ಷ ಕಂತು ಕಟ್ಟಿದೆ.

ಆಗ ಸೋಂದೆಯ ಜೈನ ಸ್ನೇಹಿತರೊಬ್ಬರು ಗೃಹಸ್ಥರು ಪಾಲಿಸುವ ಐದು ಅಣುವ್ರತಗಳಲ್ಲಿ, ಅಂದರೆ ಚಿಕ್ಕ ವ್ರತಗಳಲ್ಲಿ, ಕೊನೆಯದಾದ ಪರಿಗ್ರಹ ಪರಿಮಾಣವನ್ನು, ಎಂದರೆ ಆಸ್ತಿಪಾಸ್ತಿಗೆ ಮಿತಿ ಹಾಕಿಕೊಳ್ಳುವುದನ್ನು, ವಿವರಿಸಿದರು. ಮುನಿಗಳಂತೆ ಎಲ್ಲವನ್ನೂ ತೊರೆಯಬೇಕೆಂದು ಅದು ಸಂಸಾರಿಗೆ ವಿಧಿಸುವುದಿಲ್ಲ; ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ಬಟ್ಟೆ, ಪಾತ್ರೆ ಇವುಗಳಿಗೆ ಇಷ್ಟು ಸಾಕೆಂಬ ಅಳತೆಯನ್ನು ತಾನೇ ಗೊತ್ತುಮಾಡಿಕೊಂಡು ಅದನ್ನು ಮೀರದಿರುವುದೇ ವ್ರತ. ಇದಕ್ಕೆ ಇಚ್ಛಾ ಪರಿಮಾಣವೆಂಬ ಹೆಸರೂ ಇದೆ. ಆಸೆ ಕಡಿಮೆ ಮಾಡಬೇಕೆಂಬ ಮಾತನ್ನು ಹವ್ಯಕರ ಮನೆಯಲ್ಲಿ ಹುಟ್ಟಿದ ನಾನು ಚಿಕ್ಕಂದಿನಿಂದ ಕೇಳಿದ್ದೆ, ಆದರೆ ಎಷ್ಟೆಂದು ಅಂಕಿಯಲ್ಲಿ ಬರೆಯಲು ಯಾರೂ ಹೇಳಿರಲಿಲ್ಲ.

ಹಣ ಬಂದ ಮೇಲೆ ಮಿತಿ ಹಾಕಲು ಮನಸ್ಸು ಒಪ್ಪುವುದಿಲ್ಲವೆಂದು ಕೊಯ್ಲಿಗೆ ಮುಂಚಿನ ದೀಪಾವಳಿಯಲ್ಲೇ ನಾನು, ಹೆಂಡತಿ, ಆಯಿ ಕುಳಿತು ಲೆಕ್ಕದ ಪುಸ್ತಕದಲ್ಲಿ ಬರೆದೆವು: ತೋಟ 2 ಎಕರೆ, ವಾಹನ 1, ತಲಾ 6 ಜೊತೆ ಬಟ್ಟೆ, ಇರುವಷ್ಟೇ ಬಂಗಾರ. ತೋಟದ ಖರ್ಚನ್ನೂ ಆಪತ್ತಿಗೆಂದು ಒಂದು ವರ್ಷದ ಮನೆಖರ್ಚನ್ನೂ ತೆಗೆದಿಟ್ಟು ಮಿಕ್ಕಿದ್ದು ಮರ ಹತ್ತಿ ಅಡಿಕೆಗೊನೆ ಇಳಿಸುವ ನಮ್ಮ ಕೊನೆಗೌಡನ ಮಗಳ ಓದಿಗೆಂದು ಗೊತ್ತುಮಾಡಿದೆವು. ಆಯಿಯ ಔಷಧಕ್ಕೆ ಮಿತಿ ಹಾಕಲಿಲ್ಲ. ಅಂಥ ಕಡೆ ಹಾಕಲೂಬಾರದು.

ಊಟದಲ್ಲಿ ಕಷ್ಟವಾಗಲೇ ಇಲ್ಲ. ಹಿತ್ತಿಲಿನ ಒಂದೆಲಗದ ತಂಬುಳಿ, ಭರಣಿಯಲ್ಲಿನ ಅಪ್ಪೆಮಿಡಿ, ಮನೆಯ ಮಜ್ಜಿಗೆ ಇರುವಾಗ ಅನ್ನಕ್ಕೆ ಮತ್ತೇನೂ ಬೇಕೆನಿಸುವುದಿಲ್ಲ. ಕಷ್ಟವಾದದ್ದು ವಾಹನದ ವಿಷಯದಲ್ಲಿ. ಎರಡನೆಯ ವರ್ಷ ಮಗನ ಹೆಸರಿನಲ್ಲಿ ಇನ್ನೊಂದು ಬೈಕ್ ಕೊಂಡು, ಅದು ನನ್ನ ಲೆಕ್ಕಕ್ಕೆ ಬಾರದೆಂದು ಸಮಾಧಾನ ಹೇಳಿಕೊಂಡೆ. ಹೊಲಗಳ ಸಂಖ್ಯೆ ಹೆಚ್ಚಬಾರದೆಂದು ಎರಡು ಹೊಲಗಳ ನಡುವಿನ ಬದುವನ್ನು ತೆಗೆದು ಒಂದೇ ಎಂದು ಎಣಿಸುವುದನ್ನೂ ವ್ರತದ ದೋಷವಾಗಿಯೇ ಹಿಂದಿನವರು ಗುರುತಿಸಿದ್ದಾರೆಂದು ಸ್ನೇಹಿತರು ಮೆಲ್ಲಗೆ ಹೇಳಿದಾಗ ನನಗೆ ತುಂಬ ನಾಚಿಕೆಯಾಯಿತು. ಮಗನೊಡನೆ ಮಾತಾಡಿ ಆ ತಿಂಗಳೇ ಬೈಕನ್ನು ಮಾರಿದೆವು.

ಈಗ ಪೇಟೆಯ ದರ ಕೇಳಿದ ರಾತ್ರಿಯೂ ನಿದ್ದೆ ಬರುತ್ತದೆ, ಏಕೆಂದರೆ ಹೆಚ್ಚು ಬಂದರೆ ಏನು ಕೊಳ್ಳಲೆಂಬ ಯೋಚನೆಗೆ ಪುಸ್ತಕದಲ್ಲಿ ಜಾಗವಿಲ್ಲ. ಈ ದೀಪಾವಳಿಗೆ ಪುಸ್ತಕ ತೆರೆದಾಗ ಬಂಗಾರದ ಸಾಲನ್ನು ಹೆಂಡತಿ ಹಾಗೆಯೇ ಉಳಿಸಿದಳು. ಪಕ್ಕದ ತೋಟ ಮಾರಾಟಕ್ಕಿದ್ದುದರಿಂದ ಜಮೀನಿನ ಸಾಲಿನ ಮುಂದೆ ನಾನು ಬಹಳ ಹೊತ್ತು ಕುಳಿತೆ. ಕೊನೆಗೆ 2 ಎಕರೆ ಎಂದೇ ಬರೆದೆ.