ಇಲಾಖಾ ವಿಚಾರಣೆ: ಶಿಸ್ತುಕ್ರಮ ಕೋರ್ಟಿನಲ್ಲೂ ನಿಲ್ಲಬೇಕಾದರೆ…

ಹಣ ದುರುಪಯೋಗದ ಆರೋಪದ ಮೇಲೆ ವಜಾಗೊಂಡ ನೌಕರ ಕೆಲವು ವರ್ಷಗಳ ಬಳಿಕ ಹಿಂಬಾಕಿ ವೇತನದೊಂದಿಗೆ ಅದೇ ಕಚೇರಿಗೆ ಮರಳಿದಾಗ, ಕಾನೂನು ತಪ್ಪಿತಸ್ಥರ ಪರವಾಗಿದೆ ಎಂದು ಗೊಣಗುವ ಅಧಿಕಾರಿಗಳಿದ್ದಾರೆ. ಆದರೆ ಇಂತಹ ಪ್ರಕರಣಗಳ ಕಡತ ತೆರೆದರೆ ಸಾಮಾನ್ಯವಾಗಿ ಕಾಣುವುದು ಅಸ್ಪಷ್ಟ ಆರೋಪ, ಕೊಡದೇ ಉಳಿದ ದಾಖಲೆ ಮತ್ತು ಪಾಟೀ ಸವಾಲಿಗೆ ಒಳಪಡದ ಸಾಕ್ಷಿ. ವಿಚಾರಣೆ ನಡೆಸದೆ, ಆರೋಪ ತಿಳಿಸದೆ, ಸಮರ್ಥಿಸಿಕೊಳ್ಳಲು ಸಮಂಜಸ ಅವಕಾಶ ಕೊಡದೆ ಸರ್ಕಾರಿ ನೌಕರನನ್ನು ವಜಾ ಮಾಡುವಂತಿಲ್ಲ, ಸೇವೆಯಿಂದ ತೆಗೆಯುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ ಎಂದು ಸಂವಿಧಾನದ 311ನೇ ವಿಧಿ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಇದರ ಕಾರ್ಯವಿಧಾನ 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಲ್ಲಿದೆ. ಕಾರ್ಖಾನೆಗಳಲ್ಲಿ ಆ ಕೆಲಸವನ್ನು ಸ್ಥಾಯಿ ಆದೇಶಗಳು, ಅಂದರೆ ಕಾರ್ಮಿಕರ ಸೇವಾ ಷರತ್ತು ಮತ್ತು ಶಿಸ್ತಿನ ಲಿಖಿತ ನಿಯಮಗಳು, ಮಾಡುತ್ತವೆ.

ದೂರು ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸವೆಂದರೆ ಮೂಲ ದಾಖಲೆಗಳನ್ನು ವಶಕ್ಕೆ ಪಡೆದು ಪ್ರಾಥಮಿಕ ತನಿಖೆ ನಡೆಸುವುದು. ಇದರ ಉದ್ದೇಶ ಮುಂದುವರಿಯಲು ಆಧಾರವಿದೆಯೇ ಎಂದು ತಿಳಿಯುವುದಷ್ಟೇ. ಈ ಹಂತದಲ್ಲಿ ಬರೆಸಿಕೊಂಡ ಹೇಳಿಕೆಗಳನ್ನೇ ಮುಂದೆ ಸಾಕ್ಷ್ಯವೆಂದು ಅಂಟಿಸಿ ಶಿಕ್ಷೆ ವಿಧಿಸಿದರೆ ಆ ಆದೇಶ ಉಳಿಯುವುದು ಕಷ್ಟ.

ಎರಡನೆಯದು ಅಮಾನತಿನ ಪ್ರಶ್ನೆ. ಅಮಾನತು ಶಿಕ್ಷೆಯಲ್ಲ, ನೌಕರ ಕಚೇರಿಯಲ್ಲೇ ಇದ್ದರೆ ದಾಖಲೆ ತಿದ್ದಬಹುದು ಅಥವಾ ಸಾಕ್ಷಿಗಳ ಮೇಲೆ ಒತ್ತಡ ತರಬಹುದು ಎಂಬಂತಹ ಕಾರಣವಿದ್ದಾಗ ಬಳಸುವ ತಾತ್ಕಾಲಿಕ ಕ್ರಮ. ಪತ್ರಿಕೆಯಲ್ಲಿ ಸುದ್ದಿ ಬಂತೆಂದು ಸಂಜೆಯೊಳಗೆ ಅಮಾನತು ಆದೇಶ ಹೊರಡಿಸಿ, ತಿಂಗಳುಗಟ್ಟಲೆ ದೋಷಾರೋಪಣಾ ಪಟ್ಟಿಯನ್ನೇ ನೀಡದಿರುವುದು ನಮ್ಮ ಆಡಳಿತಕ್ಕೆ ಅಂಟಿದ ಹಳೆಯ ಚಾಳಿ. ಮೂರು ತಿಂಗಳೊಳಗೆ ಆ ಪಟ್ಟಿ ನೀಡದಿದ್ದರೆ ಅಮಾನತು ಮುಂದುವರಿಯಬಾರದು, ನೀಡಿದ್ದರೂ ವಿಸ್ತರಣೆಗೆ ಕಾರಣಸಹಿತ ಆದೇಶ ಬೇಕು ಎಂದು ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು.

ಅಮಾನತಿನಲ್ಲಿರುವವರಿಗೆ ಜೀವನಾಧಾರ ಭತ್ಯೆ ಕೊಡದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಕೋಲಾರ ಚಿನ್ನದ ಗಣಿಯ ಪ್ರಕರಣವೊಂದಿದೆ. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ 1985ರ ಜೂನ್‌ನಲ್ಲಿ ಪೊಲೀಸರು ದಾಳಿ ನಡೆಸಿ, ಚಿನ್ನದ ಉಂಡೆ ಮತ್ತು ಚಿನ್ನ ಬೆರೆತ ಮರಳು ಸಿಕ್ಕಿತೆಂದು ಮೊಕದ್ದಮೆ ಹೂಡಿದರು. ಮರುದಿನವೇ ಅಮಾನತಾಯಿತು, ಬೆನ್ನಿಗೇ ಇಲಾಖಾ ವಿಚಾರಣೆ ಶುರುವಾಯಿತು. ಭತ್ಯೆ ಕೈಸೇರದೆ, ಕಾಯಿಲೆಯಿಂದ ಕೇರಳದ ಮನೆಯಲ್ಲಿದ್ದ ಅವರಿಗೆ ವಿಚಾರಣೆಗೆ ಹಾಜರಾಗಲು ಆಗಲಿಲ್ಲ. ಅದು ಏಕಪಕ್ಷೀಯವಾಗಿ ಮುಗಿದು 1986ರಲ್ಲಿ ಅವರು ವಜಾಗೊಂಡರು. ಮರುವರ್ಷ ಕ್ರಿಮಿನಲ್ ನ್ಯಾಯಾಲಯ ದಾಳಿಯೇ ಸಾಬೀತಾಗಿಲ್ಲವೆಂದು ಅವರನ್ನು ಖುಲಾಸೆಗೊಳಿಸಿತು. ಭತ್ಯೆ ನೀಡದೆ ನಡೆಸಿದ ವಿಚಾರಣೆ ದೋಷಪೂರಿತವೆಂದೂ, ಎರಡೂ ಕಡೆ ಅದೇ ಸಂಗತಿ, ಅದೇ ಸಾಕ್ಷಿಗಳಿದ್ದುದರಿಂದ ವಜಾ ಉಳಿಯದೆಂದೂ 1999ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. (ಖುಲಾಸೆಯಾದರೆ ಇಲಾಖಾ ವಿಚಾರಣೆ ತಾನಾಗಿಯೇ ಬಿದ್ದುಹೋಗುತ್ತದೆ ಎಂದು ಇದರಿಂದ ಅರ್ಥೈಸಬಾರದು, ಇಲಾಖಾ ವಿಚಾರಣೆಗೆ ಬೇಕಾದ ಪುರಾವೆಯ ಮಟ್ಟವೇ ಬೇರೆ.) ಸ್ಥಾಯಿ ಆದೇಶಗಳ ಕಾಯ್ದೆಯಲ್ಲಿ ಮೊದಲ 90 ದಿನ ವೇತನದ ಶೇ 50, ವಿಳಂಬಕ್ಕೆ ಕಾರ್ಮಿಕ ಕಾರಣನಲ್ಲದಿದ್ದರೆ ನಂತರ ಶೇ 75 ಭತ್ಯೆ ಎಂದಿತ್ತು; 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದೇ ಲೆಕ್ಕವನ್ನು ಇಟ್ಟುಕೊಂಡಿದೆ.

ಹೆಚ್ಚು ಸಮಯ ಕೊಡಬೇಕಾದದ್ದು ದೋಷಾರೋಪಣಾ ಪಟ್ಟಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ತೆರಿಗೆ ವಸೂಲಿ ಮಾಡಿದ ಗುಮಾಸ್ತನೊಬ್ಬ ಹಣ ಜಮಾ ಮಾಡಿಲ್ಲ ಎಂದಿಟ್ಟುಕೊಳ್ಳಿ. ‘ಕರ್ತವ್ಯಲೋಪ ಎಸಗಿ ಸರ್ಕಾರಿ ನೌಕರರಿಗೆ ತರವಲ್ಲದ ರೀತಿ ವರ್ತಿಸಿದ್ದೀರಿ’ ಎಂದಷ್ಟೇ ಬರೆದರೆ ಆತ ಉತ್ತರಿಸಬೇಕಾದ್ದು ಯಾವುದಕ್ಕೆ? ಯಾವ ದಿನಾಂಕದಂದು, ಯಾವ ಸಂಖ್ಯೆಯ ರಸೀದಿಯಲ್ಲಿ, ಯಾರಿಂದ, ಎಷ್ಟು ರೂಪಾಯಿ ಪಡೆದ. ನಗದು ಪುಸ್ತಕದ ಯಾವ ಪುಟದಲ್ಲಿ ಅದು ನಮೂದಾಗಿಲ್ಲ. ಬ್ಯಾಂಕ್ ಚಲನ್ ಎಲ್ಲಿಲ್ಲ. ಇದರಿಂದ ಯಾವ ನಡತೆ ನಿಯಮದ ಉಲ್ಲಂಘನೆಯಾಯಿತು ಎಂದು ಬರೆಯಬೇಕು. ಪ್ರತಿ ಆರೋಪಕ್ಕೂ ಆಧಾರವಾದ ದಾಖಲೆಗಳ ಮತ್ತು ಸಾಕ್ಷಿಗಳ ಪಟ್ಟಿಯನ್ನು ಲಗತ್ತಿಸಬೇಕು. ‘ಆರೋಪ ಸಾಬೀತಾಗಿದ್ದು’ ಎಂಬ ಮಾತು ಈ ಹಂತದಲ್ಲಿ ನುಸುಳಿದರೆ ಪೂರ್ವಗ್ರಹದ ವಾದಕ್ಕೆ ನೀವೇ ಅಸ್ತ್ರ ಕೊಟ್ಟಂತೆ.

ಲಿಖಿತ ಉತ್ತರ ಸಮಾಧಾನಕರವಾಗಿದ್ದರೆ ಪ್ರಕರಣವನ್ನು ಅಲ್ಲಿಗೇ ಮುಗಿಸಬಹುದು. ಇಲ್ಲವಾದರೆ ಪ್ರಕರಣದಲ್ಲಿ ತಾನೇ ಸಾಕ್ಷಿಯಾಗಿರದ, ದೂರಿನೊಂದಿಗೆ ಸಂಬಂಧವಿಲ್ಲದ ವಿಚಾರಣಾಧಿಕಾರಿಯನ್ನೂ, ಇಲಾಖೆಯ ಪರ ವಾದಿಸಲು ಪ್ರತ್ಯೇಕ ಮಂಡನಾಧಿಕಾರಿಯನ್ನೂ ನೇಮಿಸಬೇಕು. ಮಂಡನಾಧಿಕಾರಿ ಕೇಳಬೇಕಾದ ಪ್ರಶ್ನೆಗಳನ್ನು ವಿಚಾರಣಾಧಿಕಾರಿಯೇ ಕೇಳತೊಡಗಿದರೆ ನಿಷ್ಪಕ್ಷಪಾತ ಉಳಿಯುವುದಿಲ್ಲ. ಮೊದಲು ಇಲಾಖೆಯ ಸಾಕ್ಷ್ಯ, ಅದರ ಪಾಟೀ ಸವಾಲು, ನಂತರ ನೌಕರನ ಸಾಕ್ಷ್ಯ: ಈ ಕ್ರಮ ತಪ್ಪಬಾರದು. ಪ್ರತಿದಿನದ ನಡವಳಿಗೆ ಮಂಡನಾಧಿಕಾರಿ ಮತ್ತು ನೌಕರ ಇಬ್ಬರ ಸಹಿಯನ್ನೂ ಪಡೆಯಬೇಕು.

ವಿಚಾರಣಾ ವರದಿ ಬಂದ ಮೇಲೆ ನೇರವಾಗಿ ಶಿಕ್ಷೆಯ ಆದೇಶ ಬರೆಯುವಂತಿಲ್ಲ. 1976ರ 42ನೇ ತಿದ್ದುಪಡಿ ಶಿಕ್ಷೆಯ ಪ್ರಮಾಣದ ಕುರಿತ ಎರಡನೇ ನೋಟಿಸನ್ನು ತೆಗೆದುಹಾಕಿದೆ ನಿಜ. ಆದರೂ ವರದಿಯ ಪ್ರತಿಯನ್ನು ನೌಕರನಿಗೆ ನೀಡಿ ಅವನ ಅಭಿಪ್ರಾಯ ಪಡೆಯಲೇಬೇಕೆಂದು ಕರುಣಾಕರ್ ಪ್ರಕರಣದಲ್ಲಿ 1993ರಲ್ಲಿ ಸಂವಿಧಾನ ಪೀಠ ಸ್ಪಷ್ಟಪಡಿಸಿತು. ವರದಿ ನೌಕರನ ಪರವಾಗಿದ್ದು ಶಿಸ್ತು ಪ್ರಾಧಿಕಾರ ಅದನ್ನು ಒಪ್ಪದಿದ್ದರೆ, ಒಪ್ಪದಿರಲು ಕಾರಣಗಳನ್ನೂ ಮೊದಲೇ ತಿಳಿಸಿ ಉತ್ತರ ಕೇಳಬೇಕು.

ಶಿಕ್ಷೆ ತಪ್ಪಿನ ಗಾತ್ರಕ್ಕೆ ತಕ್ಕಂತಿರಲಿ. ಒಂದೇ ಪ್ರಕರಣದಲ್ಲಿ ಒಂದೇ ತಪ್ಪು ಮಾಡಿದ ಇಬ್ಬರಲ್ಲಿ ಒಬ್ಬನಿಗೆ ವಾಗ್ದಂಡನೆ, ಇನ್ನೊಬ್ಬನಿಗೆ ವಜಾ ಆಗಿದ್ದರೆ ಕಾರಣ ದಾಖಲಾಗಿರಬೇಕು. ವಜಾ ಆದೇಶಕ್ಕೆ ನೇಮಕಾತಿ ಪ್ರಾಧಿಕಾರಕ್ಕಿಂತ ಕೆಳಗಿನವರು ಸಹಿ ಹಾಕುವಂತಿಲ್ಲ. ನೌಕರನ ಪ್ರತಿಯೊಂದು ವಾದಕ್ಕೂ ಆದೇಶದಲ್ಲಿ ಉತ್ತರವಿರಲಿ. ಅಮಾನತಿನ ಅವಧಿಯನ್ನು ಹೇಗೆ ಪರಿಗಣಿಸಲಾಗಿದೆ, ಮೇಲ್ಮನವಿಯನ್ನು ಯಾರಿಗೆ, ಎಷ್ಟು ದಿನದೊಳಗೆ ಸಲ್ಲಿಸಬಹುದು ಎಂಬುದನ್ನೂ ಅದರಲ್ಲೇ ಬರೆದು, ಪ್ರತಿಯನ್ನು ನೌಕರನಿಗೆ ಜಾರಿ ಮಾಡಿ, ಸ್ವೀಕೃತಿಯನ್ನು ಕಡತದಲ್ಲಿ ಇಡಬೇಕು.