ಆರಿದ ಮೇಲೂ ಮಿನುಗುವ ನಿಯಾನ್: ಎಲೆಕ್ಟ್ರಾನ್ ಮತ್ತು ಅಯಾನುಗಳ ಪುನಃಸಂಯೋಗವನ್ನು ಅಳೆಯುವುದು ಹೇಗೆ?

ನಿಯಾನ್ ತುಂಬಿದ ಪಾತ್ರೆಯಲ್ಲಿ ವಿದ್ಯುತ್ ವಿಸರ್ಜನೆಯನ್ನು ಥಟ್ಟನೆ ನಿಲ್ಲಿಸಿದರೂ ಅದರ ಬೆಳಕು ಒಡನೆಯೇ ಆರುವುದಿಲ್ಲ. ಹೊರಗಿನಿಂದ ಶಕ್ತಿಯ ಪೂರೈಕೆ ಇಲ್ಲದ ಆ ಕೆಲವು ಮಿಲಿಸೆಕೆಂಡುಗಳಲ್ಲಿ, ಬಿಡಿಯಾಗಿ ಅಲೆಯುತ್ತಿದ್ದ ಎಲೆಕ್ಟ್ರಾನುಗಳು ಧನ ಅಯಾನುಗಳೊಡನೆ (ಎಲೆಕ್ಟ್ರಾನ್ ಕಳೆದುಕೊಂಡ ಕಣಗಳೊಡನೆ) ಸೇರಿ ತಟಸ್ಥ ಪರಮಾಣುಗಳಾಗುತ್ತವೆ. ಉಳಿಬೆಳಕು ಬಹುಮಟ್ಟಿಗೆ ಈ ಪುನಃಸಂಯೋಗದ ಫಲ. ಇದರ ವೇಗವನ್ನು ಅಳೆಯುವ ಮೈಕ್ರೋತರಂಗ ವಿಧಾನವನ್ನು ಮ್ಯಾನ್‌ಫ್ರೆಡ್ ಬಿಯೊಂಡಿ ಮತ್ತು ಸ್ಯಾನ್‌ಬಾರ್ನ್ ಬ್ರೌನ್ ಅವರು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಬಳಕೆಗೆ ತಂದು, 1949ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಅದರ ಕ್ರಮ ಹೀಗಿದೆ.

ಮೊದಲ ಕೆಲಸ ಅನಿಲದ ಶುದ್ಧಿ. ಇದನ್ನು ಪೂರ್ವಸಿದ್ಧತೆಯೆಂದು ಹಗುರವಾಗಿ ಕಾಣುವಂತಿಲ್ಲ. ನಿಯಾನಿನ ಅರೆಸ್ಥಿರ ಪರಮಾಣುಗಳು, ಅಂದರೆ ಹೆಚ್ಚಿನ ಶಕ್ತಿಯ ಸ್ಥಿತಿಯಲ್ಲಿ ಬಹುಕಾಲ ಉಳಿಯುವ ಪರಮಾಣುಗಳು, ಸುಮಾರು 16.6 ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯನ್ನು ಹೊತ್ತಿರುತ್ತವೆ. ಸಾರಜನಕವಾಗಲಿ, ಆರ್ಗಾನ್ ಆಗಲಿ, ನೀರಾವಿಯಾಗಲಿ ಲೇಶಮಾತ್ರ ಉಳಿದಿದ್ದರೂ ಅವುಗಳನ್ನು ಅಯಾನೀಕರಿಸಲು ಇಷ್ಟು ಶಕ್ತಿ ಸಾಕು. ಹಾಗಾದರೆ ನಾವು ಅಳೆಯುವುದು ನಿಯಾನನ್ನಲ್ಲ, ಕಲ್ಮಶವನ್ನು. ಆದ್ದರಿಂದ ಪಾತ್ರೆಯನ್ನು ಕಾಯಿಸಿ, ಗೋಡೆಗೆ ಅಂಟಿದ ಅನಿಲಗಳನ್ನು ಹೊರಹಾಕಿದ ನಂತರವೇ ನಿಯಾನನ್ನು ಸುಮಾರು 20 ಟಾರ್ ಒತ್ತಡಕ್ಕೆ (ವಾತಾವರಣದ ಒತ್ತಡದ ಸುಮಾರು ನಲವತ್ತರಲ್ಲೊಂದು ಪಾಲಿಗೆ) ತುಂಬಬೇಕು.

ಮುಂದೆ, ಮೈಕ್ರೋತರಂಗದ ಸ್ಪಂದವೊಂದನ್ನು ಹಾಯಿಸಿ ಪ್ಲಾಸ್ಮಾ (ಎಲೆಕ್ಟ್ರಾನು, ಅಯಾನುಗಳಾಗಿ ಒಡೆದ ಅನಿಲ) ಹೊತ್ತಿಸಿ, ನಿಲ್ಲಿಸಬೇಕು. ಪಾತ್ರೆಯನ್ನು ಸುತ್ತುವರಿದ ಲೋಹದ ಕುಹರದ ಅನುರಣನ ಆವೃತ್ತಿಯು (ಅದರೊಳಗೆ ತರಂಗ ಪ್ರಬಲವಾಗಿ ಮಿಡಿಯುವ ಆವೃತ್ತಿ) ಒಳಗಿನ ಎಲೆಕ್ಟ್ರಾನ್ ಸಾಂದ್ರತೆಗೆ ಅನುಗುಣವಾಗಿ ಮೇಲಕ್ಕೆ ಸರಿದಿರುತ್ತದೆ. ದುರ್ಬಲವಾದ ಇನ್ನೊಂದು ತರಂಗದಿಂದ ಈ ಸರಿತವನ್ನು ಕ್ಷಣಕ್ಷಣಕ್ಕೂ ಗುರುತಿಸಬಹುದು. ಆ ತರಂಗ ನಿಜಕ್ಕೂ ದುರ್ಬಲವಾಗಿರಬೇಕು, ಇಲ್ಲವಾದರೆ ಅದೇ ಎಲೆಕ್ಟ್ರಾನುಗಳನ್ನು ಬಿಸಿಮಾಡಿಬಿಡುತ್ತದೆ.

ಆರಂಭದ ದತ್ತಾಂಶವನ್ನು ನಿರ್ದಾಕ್ಷಿಣ್ಯವಾಗಿ ಬಿಟ್ಟುಬಿಡಿ. ಹಗುರವಾದ ಎಲೆಕ್ಟ್ರಾನ್ ನಿಯಾನ್ ಪರಮಾಣುವಿಗೆ ಪ್ರತಿ ಸಲ ತಾಗಿದಾಗಲೂ ತನ್ನ ಶಕ್ತಿಯಲ್ಲಿ ಸರಾಸರಿ 18 ಸಾವಿರದಲ್ಲೊಂದು ಪಾಲನ್ನಷ್ಟೇ ಕಳೆದುಕೊಳ್ಳುವುದರಿಂದ, ಅದು ಅನಿಲದ ತಾಪಕ್ಕೆ ಇಳಿಯಲು ಸಮಯ ಬೇಕು. ಅಲ್ಲದೆ ಎರಡು ಅರೆಸ್ಥಿರ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಅವುಗಳ ಒಟ್ಟು ಶಕ್ತಿ 21.56 ಎಲೆಕ್ಟ್ರಾನ್‌ವೋಲ್ಟಿನ ಅಯಾನೀಕರಣ ಶಕ್ತಿಯನ್ನು ಮೀರುವುದರಿಂದ, ವಿಸರ್ಜನೆ ನಿಂತ ಮೇಲೂ ಹೊಸ ಎಲೆಕ್ಟ್ರಾನುಗಳು ಹುಟ್ಟುತ್ತಿರುತ್ತವೆ.

ಬಳಿಕ ನಕ್ಷೆ. ಎಲೆಕ್ಟ್ರಾನುಗಳು ಗೋಡೆಯತ್ತ ವಿಸರಣಗೊಂಡೇ (ಹರಡಿಕೊಂಡೇ) ನಾಶವಾಗುತ್ತಿದ್ದರೆ, ಕಾಲಕ್ಕೆ ಎದುರಾಗಿ ಸಾಂದ್ರತೆಯ ಲಾಗರಿದಮ್ ಸರಳರೇಖೆಯಾಗುತ್ತದೆ. ಪುನಃಸಂಯೋಗದಿಂದ ನಾಶವಾಗುತ್ತಿದ್ದರೆ ಸಾಂದ್ರತೆಯ ವ್ಯುತ್ಕ್ರಮ ಸರಳರೇಖೆಯಾಗುತ್ತದೆ, ಅದರ ಇಳಿಜಾರೇ ಪುನಃಸಂಯೋಗ ಗುಣಾಂಕ. ಆದರೆ ಸಾಂದ್ರತೆ ಎರಡು ಮೂರು ಪಟ್ಟು ಇಳಿಯುವಷ್ಟು ಚಿಕ್ಕ ಅವಧಿಯಲ್ಲಿ ಯಾವ ವಕ್ರರೇಖೆಯೂ ನೆಟ್ಟಗೆ ಕಾಣಬಹುದು. ಹತ್ತು ಪಟ್ಟಾದರೂ ಇಳಿಯುವವರೆಗೆ ರೇಖೆ ಬಾಗದೆ ಉಳಿದರೆ ಮಾತ್ರ ಅದನ್ನು ನಂಬಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಸಂಖ್ಯೆ ಸಿಕ್ಕರೂ ಕೆಲಸ ಮುಗಿಯಲಿಲ್ಲ. ಕೋಣೆಯ ತಾಪದಲ್ಲಿ ನಿಯಾನಿನ ಗುಣಾಂಕ ಸೆಕೆಂಡಿಗೆ ಸುಮಾರು 2 × 10⁻⁷ ಘನ ಸೆಂಟಿಮೀಟರ್ ಬರುತ್ತದೆ. ಒಂಟಿ ಪರಮಾಣು ಅಯಾನು ಎಲೆಕ್ಟ್ರಾನನ್ನು ಸೆರೆಹಿಡಿದು, ಮಿಕ್ಕ ಶಕ್ತಿಯನ್ನು ಬೆಳಕಾಗಿ ಬಿಡುವ ಕ್ರಿಯೆಯ ಗುಣಾಂಕವಾದರೋ 10⁻¹²ರ ಆಸುಪಾಸಿನಲ್ಲಿದೆ. ಒಂದು ಲಕ್ಷ ಪಟ್ಟಿನ ಈ ಅಂತರಕ್ಕೆ ಭೌತವಿಜ್ಞಾನಿ ಡೇವಿಡ್ ಬೇಟ್ಸ್ 1950ರಲ್ಲಿ ಕೊಟ್ಟ ಉತ್ತರವೆಂದರೆ, ಎಲೆಕ್ಟ್ರಾನ್ ಸೇರುವುದು ಒಂಟಿ ಅಯಾನಿಗಲ್ಲ, ಎರಡು ಪರಮಾಣುಗಳ ಅಣು ಅಯಾನಿಗೆ. 20 ಟಾರ್ ಒತ್ತಡದಲ್ಲಿ ನಿಯಾನ್ ಅಯಾನು ಎರಡು ತಟಸ್ಥ ಪರಮಾಣುಗಳನ್ನು ಏಕಕಾಲಕ್ಕೆ ಸಂಧಿಸಿ, ಅವುಗಳಲ್ಲೊಂದರೊಡನೆ ಬೆಸೆದು, ಕೆಲವು ಹತ್ತು ಮೈಕ್ರೋಸೆಕೆಂಡುಗಳಲ್ಲಿ ಅಣು ಅಯಾನಾಗುತ್ತದೆ. ಅದಕ್ಕೆ ಎಲೆಕ್ಟ್ರಾನ್ ಸಿಕ್ಕಿಕೊಂಡೊಡನೆ ಅಣು ಸೀಳಿ, ಒಂದು ಉದ್ರಿಕ್ತ (ಹೆಚ್ಚಿನ ಶಕ್ತಿಯ, ಬೆಳಕು ಬೀರುವ) ಪರಮಾಣು ಮತ್ತು ಒಂದು ಸಾಮಾನ್ಯ ಪರಮಾಣು ಎರಡು ದಿಕ್ಕಿಗೆ ಚಿಮ್ಮುತ್ತವೆ.

ಚಿಮ್ಮುತ್ತವೆ ಎನ್ನಲು ಪುರಾವೆ ಬೇಕಷ್ಟೆ. ಹಾಗಾಗಿ ಕೊನೆಯ ಹಂತದಲ್ಲಿ ಉಳಿಬೆಳಕಿನ ರೋಹಿತ ರೇಖೆಗಳ ಅಗಲವನ್ನು ಫ್ಯಾಬ್ರಿ-ಪೆರೋ ಉಪಕರಣದಿಂದ (ತರಂಗಾಂತರದ ಅತಿ ಸೂಕ್ಷ್ಮ ವ್ಯತ್ಯಾಸವನ್ನು ತೋರಿಸುವ ಸಾಧನದಿಂದ) ಅಳೆಯಬೇಕು: ವೇಗವಾಗಿ ಓಡುವ ಪರಮಾಣುಗಳ ರೇಖೆ ಡಾಪ್ಲರ್ ಪರಿಣಾಮದಿಂದ (ಚಲಿಸುವ ಮೂಲದ ಬೆಳಕಿನ ತರಂಗಾಂತರ ಬದಲಾಗುವುದರಿಂದ) ಅಗಲವಾಗುತ್ತದೆ. ಕಾನರ್ ಮತ್ತು ಬಿಯೊಂಡಿ 1965ರಲ್ಲಿ ನಿಯಾನಿನಲ್ಲಿ ಕಂಡದ್ದು ಇದನ್ನೇ. ಇನ್ನೊಂದು ಸುಲಭ ಪರೀಕ್ಷೆಯೂ ಉಂಟು. ಉಳಿಬೆಳಕಿನ ನಡುವೆ ಮೈಕ್ರೋತರಂಗದಿಂದ ಎಲೆಕ್ಟ್ರಾನುಗಳನ್ನು ಸ್ವಲ್ಪ ಬಿಸಿಮಾಡಿದರೆ ಬೆಳಕು ಕುಗ್ಗಬೇಕು, ಏಕೆಂದರೆ ವೇಗದ ಎಲೆಕ್ಟ್ರಾನುಗಳು ಅಷ್ಟು ಸುಲಭವಾಗಿ ಸೆರೆಯಾಗುವುದಿಲ್ಲ.

ಇದೇ ಕ್ರಮವನ್ನು ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್‌ಗಳಿಗೂ ಅನ್ವಯಿಸಬಹುದು. ಅವುಗಳ ಗುಣಾಂಕ ನಿಯಾನಿನದಕ್ಕಿಂತ ದೊಡ್ಡದು. ಹೀಲಿಯಂ ಮಾತ್ರ ಬೇರೆ. ಅದರ ಅಣು ಅಯಾನು ಈ ರೀತಿ ಸೀಳುವುದು ಬಹಳ ನಿಧಾನವಾದ್ದರಿಂದ, ಎಲೆಕ್ಟ್ರಾನ್ ದಟ್ಟವಾಗಿರುವಲ್ಲಿ ಒಂದು ಎಲೆಕ್ಟ್ರಾನ್ ಸೆರೆಯಾಗುವಾಗ ಮಿಕ್ಕ ಶಕ್ತಿಯನ್ನು ಮತ್ತೊಂದು ಎಲೆಕ್ಟ್ರಾನ್ ಹೊತ್ತೊಯ್ಯುವ ಮಾರ್ಗವೇ ಮೇಲುಗೈ ಪಡೆಯುತ್ತದೆ. ಅಲ್ಲಿ ಗುಣಾಂಕ ಸಾಂದ್ರತೆಯೊಡನೆ ಬದಲಾಗುವುದರಿಂದ ವ್ಯುತ್ಕ್ರಮದ ನಕ್ಷೆಯಲ್ಲಿ ಸರಳರೇಖೆಯನ್ನು ಹುಡುಕಬಾರದು. ಸಾಂದ್ರತೆ ಮತ್ತು ಎಲೆಕ್ಟ್ರಾನ್ ತಾಪ ಎರಡನ್ನೂ ಪ್ರತಿ ಕ್ಷಣದಲ್ಲಿ ಒಟ್ಟಿಗೆ ಅಳೆಯಬೇಕು.